ಹಳೇ ಗೇಮನ್ನು ಪುನಃ ಹೊಸದಾಗಿ ಮಾಡುದು ಬೇಕಾ? ಪರ ಮತ್ತು ವಿರೋಧ

ಪರ: ಬೇಕು, ನಾವು ಆಡಿದ್ದು ನಮ್ಮ ನಂತರದವ್ರಿಗೂ ಸಿಗ್ಬೇಕು

ನಾನು ರೆಸಿಡೆಂಟ್ ಈವಿಲ್ 4 ಅನ್ನುವ ಹೆದರಿಸುವ ಗೇಮು ಮೊದಲ ಸಲ ಆಡಿದ್ದು 2007ರ ಮಳೆಗಾಲದಲ್ಲಿ, ಮಂಗಳೂರಿನ ಕಂಕನಾಡಿಯ ಬಾಡಿಗೆ ರೂಮಲ್ಲಿ, ಡಿಗ್ರಿ ಮುಗ್ಸಿ ಕೆಲಸ ಹುಡುಕ್ತಿದ್ದ ಟೈಮು, ಕಂಪ್ಯೂಟರ್ ರೂಮ್‌ಮೇಟಿನದ್ದು. ಆಗ ಬಂದ ಪಿಸಿ ವರ್ಷನ್ ಆಡಿದವ್ರಿಗೆ ಅದರ ಅವಸ್ಥೆ ಗೊತ್ತುಂಟು. ಮೌಸ್ ಹಿಡಿದು ಗುರಿ ಇಡ್ಲಿಕ್ಕೇ ಆಗ್ತಿರ್ಲಿಲ್ಲ, ಗನ್ ಎತ್ತುದು ತಿರುಗಿಸುದು ಹೊಡೆಯುದು ಎಲ್ಲ ಕೀಬೋರ್ಡಿನಲ್ಲೇ, ಆ ಹಳ್ಳಿಯವ್ರು ಕತ್ತಿ ಕೊಡಲಿ ಹಿಡ್ಕೊಂಡು ನಾಲ್ಕೂ ಕಡೆಯಿಂದ ಬರುವಾಗ ಯಾವ ಬೆರಳು ಎಲ್ಲಿ ಇಡುದು ಅಂತಲೇ ಗೊತ್ತಾಗ್ತಿರ್ಲಿಲ್ಲ. ಆದ್ರೂ ಬಿಡ್ಲಿಲ್ಲ, ಮೂರು ಸಲ ಮುಗ್ಸಿದೆ. ಹೊರಗೆ ಮಳೆ, ಕರೆಂಟ್ ಹೋದ್ರೆ ಸೇವ್ ಮಾಡದ್ದೆಲ್ಲ ಹೋಯ್ತು, ಪುನಃ ಮೊದಲಿಂದ.

2023ರ ಮಾರ್ಚಲ್ಲಿ ಅದೇ ಗೇಮಿನ ರಿಮೇಕ್ ಬಂತು. ನಂಗೆ ಹೆದರಿಕೆ ಇತ್ತು, ಇವ್ರು ಇದನ್ನು ಹಾಳು ಮಾಡ್ತಾರೆ ಅಂತಲೇ ನಾನು ಎಣಿಸಿದ್ದು. ಗೇಮಿನ ನಾಯಕ ಲಿಯಾನ್ ಹಳ್ಳಿಗೆ ಕಾಲಿಟ್ಟ, ಚೈನ್‌ಸಾ ಶಬ್ದ ಬಂತು, ಮದ್ದುಗುಂಡು ಖಾಲಿ ಆಗ್ತಾ ಬಂತು, ಇನ್ನು ಸತ್ತೆ ಅಂತ ಆಗುವಾಗ ಚರ್ಚಿನ ಗಂಟೆ ಹೊಡೀತು, ಎಲ್ಲ್ರೂ ಸುಮ್ಮನೆ ತಿರುಗಿ ಹೋದ್ರು. ಆಗ ನಂಗೆ ಒಂದು ವಿಷಯ ಹೊಳೀತು. 16 ವರ್ಷ ನಾನು ಮನಸ್ಸಲ್ಲಿ ಇಟ್ಕೊಂಡದ್ದು ಈ ಗೇಮನ್ನೇ, ಈಗ ಕಣ್ಣೆದುರು ಇದೆಯಲ್ಲ ಇದನ್ನೇ, ಆದ್ರೆ 2007ರಲ್ಲಿ ನಿಜವಾಗಿ ನನ್ನ ಕೈಗೆ ಸಿಕ್ಕಿದ್ದು ಅದಲ್ಲ. ಆ ಬೆರಳು ನೋವು, ಆ ಮಸುಕು ಚಿತ್ರ ಎಲ್ಲ ಮರ್ತು ಹೋಗಿತ್ತು, ಉಳಿದದ್ದು ಆ ಹೆದರಿಕೆ ಮಾತ್ರ. ಒಳ್ಳೇ ರಿಮೇಕ್ ಕೊಡುದು ಅದನ್ನೇ, ನಾವು ನೆನಪಲ್ಲಿ ಕಟ್ಟಿಕೊಂಡ ಗೇಮನ್ನು ಕೈಗೆ ಕೊಡ್ತದೆ.

ಒಂದು ಮಾತು ಮೊದ್ಲೇ ಹೇಳ್ತೇನೆ, ಯಾಕಂದ್ರೆ ಎಲ್ಲವನ್ನೂ ಒಂದೇ ಗೋಣಿಗೆ ತುಂಬಿಸಿ ಬೈಯುವವ್ರು ಜಾಸ್ತಿ. ಹಳೇ ಗೇಮನ್ನು ಹಾಗೇ ಹೊಸ ಮಿಷನಿಗೆ ತರುದು ಪೋರ್ಟ್, ಚಿತ್ರ ಒಂಚೂರು ತೊಳೆದು ಕೊಡುದು ರಿಮಾಸ್ಟರ್, ತಳಪಾಯದಿಂದ ಪುನಃ ಕಟ್ಟುದು ರಿಮೇಕ್. ನಾನು ಹೆಚ್ಚು ಮಾತಾಡುದು ಮೂರನೇದ್ದರ ಬಗ್ಗೆ.

ರೆಸಿಡೆಂಟ್ ಈವಿಲ್ 2 ತಕೊಳ್ಳಿ. 1998ರ ಗೇಮು. ಕ್ಯಾಮೆರಾ ಗೋಡೆಗೆ ಮೊಳೆ ಹೊಡೆದ ಹಾಗೆ ಒಂದೇ ಕಡೆ ನಿಂತಿರ್ತದೆ, ನಮ್ಮ ಮನುಷ್ಯ ತಿರುಗ್ಬೇಕಾದ್ರೆ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಲ್ಲಿ ಸಿಟಿ ಬಸ್ಸು ತಿರುಗಿಸಿದ ಹಾಗೆ, ನಿಂತು, ಸುತ್ತಿ, ಮತ್ತೆ ಮುಂದೆ. ಆ ಕಾಲಕ್ಕೆ ಅದು ಸರಿಯೇ, ಆಗಿನ ಗೇಮ್ ಮಿಷನ್ ಪ್ಲೇಸ್ಟೇಷನ್ನಿಗೆ ಅಷ್ಟು ಚಂದದ ಹಿನ್ನೆಲೆ ತೋರಿಸ್ಬೇಕಾದ್ರೆ ಅದು ಚಿತ್ರ ಬರೆದು ಇಟ್ಟ ಪರದೆಯೇ ಆಗ್ಬೇಕಿತ್ತು, ಕ್ಯಾಮೆರಾ ಅಲುಗಾಡಿಸ್ಲಿಕ್ಕೆ ಆಗುದಿಲ್ಲ. ನನ್ನ ಅಕ್ಕನ ಮಗ ಈಗ ಇಂಜಿನಿಯರಿಂಗ್ ಮೊದಲ ವರ್ಷ, 18 ಆಯ್ತು, ಅವನಿಗೆ ನಾನು ಭಾರೀ ಆಸೆಯಿಂದ ಆ ಹಳೇದನ್ನು ಹಾಕಿ ಕೊಟ್ಟೆ, ಹತ್ತು ನಿಮಿಷ, ಅಷ್ಟೇ, ಎರಡು ಸಲ ಗೋಡೆಗೆ ಹೊಡ್ಕೊಂಡು ಸತ್ತ, "ಮಾವ, ಇದು ನಂಗಾಗುದಿಲ್ಲ" ಅಂತ ಎದ್ದು ಹೋದ. ಅವನದ್ದು ಎಂತ ತಪ್ಪು? ಮತ್ತೆ 2019ರ ರಿಮೇಕ್ ಹಾಕಿದೆ. ಕ್ಯಾಮೆರಾ ಹೆಗಲ ಹಿಂದೆ, ಕತ್ತಲೆಯಲ್ಲಿ ಟಾರ್ಚ್, ಅದೇ ಪೊಲೀಸ್ ಸ್ಟೇಷನ್. ಮಿಸ್ಟರ್ ಎಕ್ಸ್ ಅಂತ ಬೆನ್ನು ಹತ್ತುವ ದೈತ್ಯ ಇದ್ದಾನಲ್ಲ, ಹಳೇದ್ರಲ್ಲಿ ಅವನು ಒಂದು ಸಲ ಗೇಮು ಮುಗಿಸಿ ಎರಡನೇ ಸಲ ಆಡುವಾಗ ಅವ್ರು ಇಟ್ಟ ಜಾಗದಲ್ಲಿ ಮಾತ್ರ ಬರುದು, ಹೊಸದ್ರಲ್ಲಿ ಅವನು ಇಡೀ ಸ್ಟೇಷನಲ್ಲಿ ನಮ್ಮನ್ನು ಹುಡುಕ್ತಾ ತಿರುಗ್ತಾನೆ, ನಾವು ಕೆಳಗಿನ ಕೋಣೆಯಲ್ಲಿ ಬೀಗ ತೆಗೀತಾ ಇರುವಾಗ ಮೇಲಿನ ಮಾಳಿಗೆಯಲ್ಲಿ ಬೂಟಿನ ಶಬ್ದ ದಡ್ ದಡ್ ಅಂತ ಕೇಳ್ತದೆ. ಹುಡುಗ ಹೆಡ್‌ಫೋನ್ ತೆಗೆದಿಟ್ಟು ಐದು ನಿಮಿಷ ಸುಮ್ಮನೆ ಕೂತ. ನಂಗೆ 1998ರ ಗೇಮು ಕೊಟ್ಟ ಹೆದರಿಕೆಯೇ ಅವನಿಗೂ ಸಿಕ್ಕಿತು, ದಾರಿ ಬೇರೆ.

ಮತ್ತೆ ನಮ್ಮ ಊರಿನ ಸಂಗತಿ ಒಂದುಂಟು. ಇಲ್ಲಿಯ ಮಳೆಗಾಲ ಸಿಡಿಗೆ ಆಗಿ ಬರುದಿಲ್ಲ. ಹಂಪನಕಟ್ಟೆಯಲ್ಲಿ ತಕೊಂಡ ನನ್ನ ಸಿಡಿ ಡಿವಿಡಿ ಎಲ್ಲ ಒಂದು ಬಿಸ್ಕೆಟಿನ ಡಬ್ಬಿಯಲ್ಲಿ ಹಾಕಿ ಅಮ್ಮನ ಮನೆಯ ಅಟ್ಟದಲ್ಲಿ ಇಟ್ಟಿದ್ದೆ, ನಾಲ್ಕು ವರ್ಷ ಬಿಟ್ಟು ತೆಗೆದ್ರೆ ಎಲ್ಲದಕ್ಕೂ ಬೂಷ್ಟು ಹಿಡಿದು ಬಿಳಿ ಬಿಳಿ ಕಲೆ. ಒರೆಸಿ ಹಾಕಿದ್ರೂ ಓದುದಿಲ್ಲ. ಅಲ್ಲಿ ದೂರದಲ್ಲಿಯೂ ಪರಿಸ್ಥಿತಿ ಬೇರೆ ಅಲ್ಲ, ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್‌ನವ್ರು 2023ರಲ್ಲಿ ಲೆಕ್ಕ ಹಾಕಿದ್ರು, ಅವ್ರ ದೇಶದಲ್ಲಿ 2010ಕ್ಕಿಂತ ಮೊದಲು ಬಂದ ಗೇಮುಗಳಲ್ಲಿ 100ಕ್ಕೆ 87 ಇವತ್ತು ಅಂಗಡಿಯಲ್ಲಿ ಸಿಗುದಿಲ್ಲ. ಡೀಮನ್ಸ್ ಸೋಲ್ಸ್ ಅನ್ನುವ ಗೇಮು 2009ರಲ್ಲಿ ಪ್ಲೇಸ್ಟೇಷನ್ 3, ಅಂದ್ರೆ ಪಿಎಸ್ 3ಗೆ ಮಾತ್ರ ಬಂದದ್ದು, 2018ರಲ್ಲಿ ಅದರ ಸರ್ವರ್ ಸಹ ಬಂದ್ ಆಯ್ತು. 2020ರಲ್ಲಿ ಪಿಎಸ್ 5 ಜೊತೆ ರಿಮೇಕ್ ಬಾರದೆ ಇದ್ದಿದ್ರೆ ಇವತ್ತು ಅದನ್ನು ಆಡ್ಬೇಕು ಅನ್ನುವವ್ರು ಹಳೇ ಪಿಎಸ್ 3 ಹುಡುಕ್ತಾ ಅಲೀಬೇಕಿತ್ತು.

ರಿಮೇಕ್ ಅಂದ ಕೂಡ್ಲೇ "ಹೊಸದು ಯೋಚನೆ ಮಾಡ್ಲಿಕ್ಕೆ ಬರುದಿಲ್ವಾ ಇವ್ರಿಗೆ" ಅಂತ ಕೇಳುವವ್ರು ನಮ್ಮ ಕರಾವಳಿಯವ್ರೇ ಆದ್ರೆ ನಾನು ಒಂದು ಕೇಳ್ತೇನೆ. ಯಕ್ಷಗಾನದಲ್ಲಿ ದೇವಿ ಮಹಾತ್ಮೆ ಎಷ್ಟು ಸಲ ನೋಡಿದ್ದೀರಿ? ಪ್ರತಿ ವರ್ಷ, ಊರು ಊರಲ್ಲಿ, ಹರಕೆ ಆಟ ಅಂತ ಅದೇ ಪ್ರಸಂಗ. ಮಹಿಷಾಸುರ ದೊಂದಿ ಹಿಡ್ಕೊಂಡು ಸಭೆಯ ನಡುವಿಂದ ಬರುದು ಗೊತ್ತುಂಟು, ಸಾಯುದೂ ಗೊತ್ತುಂಟು, ಆದ್ರೂ ಜನ ಆ ಗಳಿಗೆಗೆ ಕಾದು ಕೂತ್ಕೊಳ್ತಾರೆ. ಯಾಕೆ? ಈ ವರ್ಷದ ವೇಷಧಾರಿ ಹೇಗೆ ಬರ್ತಾನೆ, ಅರ್ಥ ಹೇಗೆ ಹೇಳ್ತಾನೆ, ಭಾಗವತರು ಯಾವ ರಾಗ ಹಿಡೀತಾರೆ ಅಂತ. ಕಥೆ ಅದೇ ಆದ್ರೂ ಆಟ ಪ್ರತೀ ರಾತ್ರಿ ಹೊಸದು. ಫೈನಲ್ ಫ್ಯಾಂಟಸಿ 7 ರಿಮೇಕ್ ಮಾಡಿದವ್ರು ಅದನ್ನೇ ಮಾಡಿದ್ದು. 1997ರ ಗೇಮಲ್ಲಿ ಏರಿತ್ ಅನ್ನುವ ಹುಡುಗಿಗೆ ಎಂತ ಆಗ್ತದೆ ಅಂತ ಲೋಕಕ್ಕೆಲ್ಲ ಗೊತ್ತು, ಅವ್ರಿಗೂ ಗೊತ್ತು ನಮ್ಗೆ ಗೊತ್ತುಂಟು ಅಂತ. ಹಾಗಾಗಿ 2020ರದ್ರಲ್ಲಿ ಕಥೆ ತನ್ನ ಹಳೇ ದಾರಿ ಬಿಡ್ಲಿಕ್ಕೆ ನೋಡುವಾಗೆಲ್ಲ ಅದನ್ನು ಹಿಡಿದು ಪುನಃ ದಾರಿಗೆ ಎಳೆಯುವ ಭೂತದ ಹಾಗಿನ ನೆರಳುಗಳನ್ನು ಕಥೆಯ ಒಳಗೇ ಇಟ್ಟರು. ಹಳೇ ಅಭಿಮಾನಿಗೆ ಅದು ನೇರ ಎದೆಗೆ ತಾಗ್ತದೆ, ಹೊಸ ಗೇಮಿಗೆ ಈ ಕೆಲಸ ಮಾಡ್ಲಿಕ್ಕೆ ಸಾಧ್ಯವೇ ಇಲ್ಲ, ಯಾಕಂದ್ರೆ ಅದಕ್ಕೆ 23 ವರ್ಷದ ನೆನಪು ಬೇಕು.

ಕೆಲಸದ ಲೆಕ್ಕವೂ ನೋಡಿ. ಒಂದು ದೊಡ್ಡ ಗೇಮು ಮಾಡ್ಲಿಕ್ಕೆ ಈಗ ಐದಾರು ವರ್ಷ ಏನೂ ಅಲ್ಲ, ಗ್ರ್ಯಾಂಡ್ ಥೆಫ್ಟ್ ಆಟೋ, ಅಂದ್ರೆ ಜಿಟಿಎ, ಅದರ ಐದನೇದು ಬಂದದ್ದು 2013ರಲ್ಲಿ, ಹತ್ತು ವರ್ಷ ದಾಟಿದ್ರೂ ಆರನೇದು ಬರ್ಲಿಲ್ಲ. ಆ ನಡುವಿನ ವರ್ಷದಲ್ಲಿ ಒಂದು ಸೀರೀಸ್ ಜೀವ ಹಿಡ್ಕೊಂಡು ಇರ್ಬೇಕಲ್ಲ. ಒಬ್ಲಿವಿಯನ್ ಅನ್ನುವ ಗೇಮು 2006ರದ್ದು, 2025ರ ಏಪ್ರಿಲಲ್ಲಿ ಅದರ ರಿಮಾಸ್ಟರ್ ಬಂತು, ಒಳಗೆ ಗೇಮು ಓಡಿಸುದು ಹಳೇ ಎಂಜಿನ್ನೇ, ಮೇಲೆ ಚಿತ್ರ ಬಿಡಿಸುದು ಅನ್ರಿಯಲ್ 5 ಅನ್ನುವ ಹೊಸ ಎಂಜಿನ್. ಹಳೇ ಗುತ್ತಿನ ಮನೆಯ ಮರದ ಕಂಬ ಎಲ್ಲ ಹಾಗೇ ಇಟ್ಟು ಮಾಡು ಮಾತ್ರ ಬದಲಿಸಿದ ಹಾಗೆ. ಹಳೇ ತಮಾಷೆಯ ಮಾತುಕತೆ, ಆ ಊರಿನವ್ರು ಒಬ್ರಿಗೊಬ್ರು ಸಂಬಂಧ ಇಲ್ಲದ್ದು ಹೇಳುದು ಎಲ್ಲ ಹಾಗೇ ಉಂಟು. ನಂಗೆ ಅದು ಬಿದ್ದೋಗುವ ಮನೆಯನ್ನು ಉಳಿಸಿದ ಹಾಗೇ ಕಾಣುದು.

ಹಳೇ ಮೂರು ಜಿಟಿಎ ಸೇರಿಸಿ ರಿಮಾಸ್ಟರ್ ಮಾಡಿದ ಜಿಟಿಎ ಟ್ರೈಲಜಿಯ ಹೆಸರು ತೆಗೀತಾರೆ ಅಂತ ಗೊತ್ತುಂಟು. 2021ರ ನವೆಂಬರಲ್ಲಿ ಬಂದ ಅದು ಹಾಳಾಗಿತ್ತು, ಅದನ್ನು ಸರಿ ಅಂತ ನಾನು ಹೇಳುದಿಲ್ಲ, ದುಡ್ಡು ಕೊಟ್ಟವ್ರಿಗೆ ಮೋಸ ಆಯ್ತು. ಆದ್ರೆ ಅದು ಅವಸರದ್ದು, ಕಡಿಮೆ ಖರ್ಚಲ್ಲಿ ಮುಗಿಸಿದ್ದು. ಒಂದು ಮೇಳದವ್ರು ಆಟ ಹಾಳು ಮಾಡಿದ್ರೆ ಪ್ರಸಂಗವನ್ನೇ ನಿಲ್ಲಿಸಿ ಅಂತ ಯಾರೂ ಹೇಳುದಿಲ್ಲ. ಉಡುಪಿಯಲ್ಲಿ ನನ್ನ ಚಿಕ್ಕಮ್ಮನ ಮಗಳು ಇದ್ದಾಳೆ, ಕೆಳಗೆ ವಿರೋಧ ಬರೆದದ್ದು ಅವಳೇ, ಅವಳು ಮತ್ತೆ ನಾನು ಈ ವಿಷಯದಲ್ಲಿ ಮದುವೆ ಮನೆಯಲ್ಲಿ ಊಟದ ಎಲೆ ಎದುರು ಕೂತು ಸಹ ಜಗಳ ಮಾಡಿದವ್ರು. ಅವಳು ಹೇಳುದ್ರಲ್ಲಿ ಹುರುಳಿದೆ, ಆದ್ರೆ ಅವಳು ಗೇಮು ಗೊತ್ತಿದ್ದವ್ರ ಕಡೆಯಿಂದ ಮಾತಾಡುದು. ನಾನು ಮಾತಾಡುದು ಹತ್ತು ನಿಮಿಷಕ್ಕೆ ಎದ್ದು ಹೋದನಲ್ಲ, ಆ ಹುಡುಗನ ಕಡೆಯಿಂದ.

ವಿರೋಧ: ಬೇಡ, ಹಳೇದನ್ನು ಹಾಗೇ ಕೊಡಿ, ಹೊಸದನ್ನು ಹೊಸದಾಗಿ ಮಾಡಿ

ಅಣ್ಣ ಬರೆದದ್ದು ಎರಡು ಸಲ ಓದಿದೆ. ಕಂಕನಾಡಿ ರೂಮಿನ ಕಥೆ ಸತ್ಯ, ಆ ಮಳೆಗಾಲದಲ್ಲಿ ನಾನು ಅಲ್ಲಿಗೆ ಬಂದಾಗ ಅವನು ಕೀಬೋರ್ಡಿಗೆ ಬಗ್ಗಿ ಕೂತದ್ದು ನಂಗೆ ನೆನಪುಂಟು, ಅವನ ಪ್ರೀತಿಯ ಬಗ್ಗೆ ನಂಗೆ ಸಂಶಯ ಇಲ್ಲ. ನಾನು ಮಣಿಪಾಲದಲ್ಲಿ 3ಡಿ ಮಾಡೆಲ್ ಮತ್ತೆ ಟೆಕ್ಸ್ಚರ್ ಕೆಲಸ ಮಾಡುವವಳು, ದಿನಾ ಹಳೇ ವಸ್ತುವನ್ನು ನೋಡಿ ಹೊಸದಾಗಿ ಕಟ್ಟುದೇ ಕೆಲಸ, ಹಾಗಾಗಿ ನಾನು ಹೇಳುದು ದೂರದಿಂದ ನೋಡಿದ್ದಲ್ಲ.

ಅಣ್ಣ ಹೇಳಿದ ಯಕ್ಷಗಾನದಿಂದಲೇ ಶುರು ಮಾಡ್ತೇನೆ, ಯಾಕಂದ್ರೆ ಅಲ್ಲಿಯೇ ಅವನು ತಪ್ಪಿದ್ದು. ಒಂದು ಮೇಳ ದೇವಿ ಮಹಾತ್ಮೆ ಆಡಿದ್ರೆ ಇನ್ನೊಂದು ಮೇಳದ ದೇವಿ ಮಹಾತ್ಮೆ ಬಂದ್ ಆಗುದಿಲ್ಲ. ಭಾಗವತರ ಎದುರು ಇರುವ ಪ್ರಸಂಗದ ಪುಸ್ತಕವನ್ನು ಯಾರೂ ಕಸಿದುಕೊಂಡು ಹೋಗುದಿಲ್ಲ, ಪದ್ಯ ಹಾಗೇ ಉಂಟು, ನಾಳೆ ಬೇರೆಯವ್ರು ಬೇರೆ ರೀತಿ ಹಾಡ್ಬಹುದು. ಮತ್ತೆ ಹೊಸ ಪ್ರಸಂಗ ಕೂಡ ವರ್ಷ ವರ್ಷ ಬರ್ತಾ ಇರ್ತದೆ. ಗೇಮಿನಲ್ಲಿ ಹಾಗಾ? 2021ರ ಅಕ್ಟೋಬರಲ್ಲಿ, ಟ್ರೈಲಜಿ ಬರುವ ಮೊದ್ಲೇ, ಹಳೇ ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಮೂರನ್ನೂ ಆನ್‌ಲೈನ್ ಅಂಗಡಿಗಳಿಂದ ತೆಗೆದ್ರು. ಸರಿ ಇದ್ದದ್ದನ್ನು ತೆಗೆದು ಹಾಳಾದ್ದನ್ನು ಇಟ್ಟರು. ಜನ ಬೊಬ್ಬೆ ಹೊಡೆದ ಮೇಲೆ ಕ್ಷಮೆ ಕೇಳಿ ತಮ್ಮ ಸ್ವಂತ ಅಂಗಡಿಯಲ್ಲಿ ಹಳೇದನ್ನು ಪುನಃ ಇಟ್ಟರು. ಅಣ್ಣ ಅದನ್ನು ಅವಸರದ ಕೆಲಸ ಅಂತ ಒಂದು ಸಾಲಲ್ಲಿ ಮುಗಿಸಿದ, ನಂಗೆ ಅದು ಅವಸರ ಅಲ್ಲ, ಅದು ಯೋಚನೆ ಮಾಡಿ ಮಾಡಿದ್ದು. ಎರಡೂ ಪಕ್ಕ ಪಕ್ಕ ಇದ್ರೆ ಜನ ಯಾವುದನ್ನು ತಕೊಳ್ತಾರೆ ಅಂತ ಅವ್ರಿಗೆ ಗೊತ್ತಿತ್ತು.

ವಾರ್‌ಕ್ರಾಫ್ಟ್ 3 ಇನ್ನೂ ಕೆಟ್ಟದು. ನಾನು ಹಾಸ್ಟೆಲಲ್ಲಿ ಕಂಪ್ಯೂಟರುಗಳನ್ನು ಲ್ಯಾನ್ ವಯರಲ್ಲಿ ಜೋಡಿಸಿ ಡೋಟಾ ಅನ್ನುವ ಗೇಮು ಆಡಿ ಬೆಳೆದವಳು, ಆ ಡೋಟಾ ಹುಟ್ಟಿದ್ದೇ ವಾರ್‌ಕ್ರಾಫ್ಟ್ 3ರ ಮ್ಯಾಪ್ ಎಡಿಟರಲ್ಲಿ ಅಭಿಮಾನಿಗಳು ಕೂತು ಮಾಡಿ. 2020ರ ಜನವರಿಯಲ್ಲಿ ಅದರ ಹೊಸ ರೂಪ ರಿಫೋರ್ಜ್ಡ್ ಬಂತು. ಅದನ್ನು ಕೊಳ್ಳದೆ ಹಳೇದ್ರಲ್ಲಿಯೇ ಇರ್ತೇನೆ ಅಂದವ್ರಿಗೂ ಆನ್‌ಲೈನ್ ಆಡ್ಲಿಕ್ಕೆ ಬ್ಯಾಟಲ್‌ನೆಟ್ಟಿಗೆ ಹೋದ್ರೆ ಹೊಸ ಸಾಫ್ಟ್‌ವೇರೇ ಗತಿ, ಮೊದಲು ಇದ್ದ ಕ್ಲಾನ್ ಅನ್ನುವ ಆಟಗಾರರ ಗುಂಪು, ಲ್ಯಾಡರ್ ಅನ್ನುವ ರ‍್ಯಾಂಕ್ ಪಟ್ಟಿ ಎಲ್ಲ ಶುರುವಿಗೆ ಇರ್ಲೇ ಇಲ್ಲ. ಮೇಲಿಂದ ಇನ್ನು ಮುಂದೆ ನೀವು ಮಾಡುವ ಮ್ಯಾಪ್ ಕಂಪೆನಿಯದ್ದು ಅಂತ ನಿಯಮ. ದುಡ್ಡು ವಾಪಸ್ ಕೊಟ್ರು ಹೌದು, ಆದ್ರೆ ಹಳೇ ಗೇಮು ವಾಪಸ್ ಕೊಟ್ರಾ? ಹತ್ತು ವರ್ಷದ ಹಿಂದೆ ದುಡ್ಡು ಕೊಟ್ಟು ತಕೊಂಡ ವಸ್ತು ಮನೆಯೊಳಗೇ ಬದಲಾಗಿ ಹೋಯ್ತು.

ಈಗ ನನ್ನ ಕೆಲಸದ ವಿಷಯ, ಗೇಮಿನೊಳಗಿನ ಮಂಜಿನದ್ದು. ಹೆದರಿಸುವ ಗೇಮು ಸೈಲೆಂಟ್ ಹಿಲ್ ಅಂದ್ರೆ ಮಂಜು ಅಂತ ಎಲ್ಲ್ರಿಗೂ ಗೊತ್ತು. 1999ರಲ್ಲಿ ಮೊದಲನೇದು ಮಾಡುವಾಗ ಪ್ಲೇಸ್ಟೇಷನ್ನಿಗೆ ಇಡೀ ಊರನ್ನು ದೂರದವರೆಗೆ ತೋರಿಸುವ ತಾಕತ್ತು ಇರ್ಲಿಲ್ಲ, ಹಾಗಾಗಿ ಮಂಜು ಹಾಕಿ ಮುಚ್ಚಿದ್ರು, ಆ ಮುಚ್ಚಿದ್ದೇ ಹೆದರಿಕೆ ಆಯ್ತು. ಆಗುಂಬೆ ಘಾಟಿಯಲ್ಲಿ ಜುಲೈ ತಿಂಗಳು ಬೈಕಲ್ಲಿ ಬಂದವ್ರಿಗೆ ಇದನ್ನು ವಿವರಿಸ್ಬೇಕಾಗಿಲ್ಲ, ಎದುರಿಂದ ಬಸ್ಸು ಬರ್ತದಾ ಇಲ್ವಾ ಅಂತ ಗೊತ್ತಾಗದೆ ಇರುವಾಗ ಆಗುವ ಆ ಚಳಿ. 2012ರಲ್ಲಿ ಎರಡು ಮತ್ತೆ ಮೂರನೇದ್ದರ ಎಚ್‌ಡಿ ಕಲೆಕ್ಷನ್ ಬಂತು, ಮೂಲ ಕೋಡ್ ಪೂರ್ತಿಯಾಗಿ ಅದರ ಕಂಪೆನಿ ಕೊನಾಮಿಯ ಹತ್ರವೇ ಉಳಿದಿರ್ಲಿಲ್ಲ, ಅರ್ಧಂಬರ್ಧ ಇದ್ದದ್ರಿಂದ ಮಾಡಿದ್ರು, ಮಂಜು ತೆಳು ಆಗಿ ಊರಿನ ಅಂಚು, ಅದರಾಚೆ ಏನೂ ಇಲ್ಲದ್ದು ಎಲ್ಲ ಬತ್ತಲೆ ಕಂಡಿತು. ಒಂಬತ್ತು ವರ್ಷ ಬಿಟ್ಟು ಜಿಟಿಎಯವ್ರು ಅದೇ ತಪ್ಪು ಮಾಡಿದ್ರು. ಸ್ಯಾನ್ ಆಂಡ್ರಿಯಾಸಿನ ಮಬ್ಬು ತೆಗೆದದ್ದೇ ತಡ, ಚಿಲಿಯಾಡ್ ಬೆಟ್ಟದ ಮೇಲೆ ನಿಂತ್ರೆ ಇಡೀ ರಾಜ್ಯ ಅಂಗಳದ ಹಾಗೆ ಸಣ್ಣಕೆ ಕಂಡಿತು, ಚಿಕ್ಕದಿರುವಾಗ ಅಲ್ಲಿಂದ ಲಾಸ್ ಸ್ಯಾಂಟೋಸಿಗೆ ಲಾರಿ ಬಿಟ್ಕೊಂಡು ಹೋದ್ರೆ ಎಷ್ಟೋ ದೂರ ಹೋದ ಹಾಗೆ ಆಗ್ತಿತ್ತು. ಪಿಸಿ, ಪ್ಲೇಸ್ಟೇಷನ್‌ಗಳಿಗೆ ಆ ಮಬ್ಬನ್ನು ಪುನಃ ತಂದದ್ದು 2024ರ ನವೆಂಬರಲ್ಲಿ, ಮೂರು ವರ್ಷ ಬೇಕಾಯ್ತು. ಇನ್ನೊಂದು ಚಿಕ್ಕದು, ನಂಗೆ ಇದು ಮನಸ್ಸಿಂದ ಹೋಗುದಿಲ್ಲ. ಟಫ್ ನಟ್ ಅಂತ ಒಂದು ಡೋನಟ್ ಅಂಗಡಿ, ಬೋರ್ಡಿನಲ್ಲಿ ಬೋಲ್ಟಿಗೆ ಹಾಕುವ ನಟ್ಟಿನ ಹಾಗೆ ಆರು ಮೂಲೆಯ ಡೋನಟ್, ಹೆಸರಿನ ತಮಾಷೆಯೇ ಅದು. ಹೊಸದ್ರಲ್ಲಿ ಮೂಲೆ ಎಲ್ಲ ನುಣುಪು ಆಗಿ ಬರೀ ಉರುಟು. ಅದನ್ನು ಮಾಡಿದವ್ರು ಬೋರ್ಡು ಓದ್ಲೇ ಇಲ್ಲ. ನಮ್ಮ ಕೆಲಸದಲ್ಲಿ ಮೊದಲು ಕಲಿಸುದು ಇದನ್ನೇ, ಒಂದು ವಸ್ತು ಯಾಕೆ ಹಾಗುಂಟು ಅಂತ ತಿಳಿಯದೆ ಅದನ್ನು ಚಂದ ಮಾಡ್ಲಿಕ್ಕೆ ಹೋಗ್ಬಾರ್ದು.

ಅಣ್ಣ ಹೇಳ್ತಾನೆ, ಇವೆಲ್ಲ ಕೆಟ್ಟ ಕೆಲಸ, ನಾನು ಹೇಳುದು ಒಳ್ಳೇ ರಿಮೇಕ್. ಆಯ್ತು, ಅವನದ್ದೇ ತಕೊಳ್ಳುವ. ರೆಸಿಡೆಂಟ್ ಈವಿಲ್ 2, 1998ರದ್ದು, ಎರಡು ಸಿಡಿ, ಒಂದು ಲಿಯಾನಿನದ್ದು ಒಂದು ಕ್ಲೇರ್ ಅನ್ನುವ ಹುಡುಗಿಯದ್ದು. ಒಬ್ರದ್ದು ಮುಗ್ಸಿದ್ರೆ ಇನ್ನೊಬ್ರ ಬಿ ಆಟ ತೆರೀತದೆ, ಮತ್ತೆ ಮೊದಲ ಆಟದಲ್ಲಿ ನಾವು ಮಾಡಿದ್ದು ಎರಡನೇದ್ರಲ್ಲಿ ಕಾಣ್ತದೆ. ಸ್ಟೇಷನಿನ ನೆಲಮಾಳಿಗೆಯ ಆಯುಧದ ಕೋಣೆಯಲ್ಲಿ ಒಂದು ಮೆಷಿನ್ ಗನ್ನು, ಒಂದು ಸೊಂಟದ ಬ್ಯಾಗು ಇರ್ತದೆ, ಎರಡನ್ನೂ ಈಗ್ಲೇ ಎತ್ತಿದ್ರೆ ಬಿ ಆಟದವ್ರಿಗೆ ಏನೂ ಉಳಿಯುದಿಲ್ಲ. ಆ ಒಂದು ಕಪಾಟಿನ ಎದುರು ನಿಂತು ಯೋಚನೆ ಮಾಡಿದ್ದು ನಂಗೆ ಇವತ್ತಿಗೂ ನೆನಪುಂಟು, ಯಾಕಂದ್ರೆ ಇನ್ನೂ ಆಟಕ್ಕೇ ಬಾರದ ಒಬ್ಬಳಿಗೆ ನಾನು ಬಿಟ್ಟು ಕೊಡ್ಬೇಕು. 2019ರದ್ರಲ್ಲಿ ಈ ಕೊಂಡಿ ಹೋಯ್ತು. ಇಬ್ರೂ ಅದೇ ರಾತ್ರಿ ಅದೇ ಸ್ಟೇಷನಲ್ಲಿ ಅದೇ ರಾಕ್ಷಸನನ್ನು ಬೇರೆ ಬೇರೆಯಾಗಿ ಕೊಲ್ತಾರೆ, ಯಾರದ್ದು ಸತ್ಯ? ಮಿಸ್ಟರ್ ಎಕ್ಸಿನ ಬೂಟಿನ ಶಬ್ದ ಭಾರೀ ಒಳ್ಳೇದುಂಟು, ನಾನೂ ಹೆದರಿದ್ದೇನೆ, ಆದ್ರೆ ಒಂದು ತಕೊಂಡು ಒಂದು ಕೊಟ್ಟದ್ದು ಅದು. 2020ರ ಮೂರನೇದ್ದರಲ್ಲಂತೂ ಕ್ಲಾಕ್ ಟವರಿನ ಭಾಗ ಇಡೀ ಬಿಟ್ಟೇ ಬಿಟ್ರು, ಒಳಗೆ ಹೋಗ್ಲಿಕ್ಕೇ ಇಲ್ಲ, ಗಡಿಬಿಡಿಯಲ್ಲಿ ಎರಡರಲ್ಲಿ ಒಂದು ಆರಿಸಿ ಅಂತ ಬರ್ತಿದ್ದ ಆಯ್ಕೆಗಳೂ ಇಲ್ಲ. ಮತ್ತೆ ಅಣ್ಣನ ಪ್ರೀತಿಯ ನಾಲ್ಕನೇದು. 2005ರಲ್ಲಿ ಪಿಎಸ್ 2 ಡಿಸ್ಕಿನೊಳಗೇ ಏಡಾ ಅನ್ನುವವಳ ಕಥೆ ಸೆಪರೇಟ್ ವೇಸ್ ಇತ್ತು. ರಿಮೇಕಿನಲ್ಲಿ ಅದು ಆರು ತಿಂಗಳು ಬಿಟ್ಟು ಬೇರೆ ದುಡ್ಡಿಗೆ, ಮತ್ತೆ ಮೂಲ ಆಟದಿಂದ ಕತ್ತರಿಸಿದ ಒಂದು ಬಾಸ್, ಅಂದ್ರೆ ದೊಡ್ಡ ಶತ್ರು ಸಹ ಅದ್ರಲ್ಲೇ ಹೋಗಿ ಕೂತಿತ್ತು. ಇದಕ್ಕೆ ಪ್ರಸಂಗವನ್ನು ಹೊಸದಾಗಿ ಆಡಿದ್ದು ಅಂತ ಹೇಗೆ ಹೇಳುದು?

ದುಡ್ಡಿನ ಮಾತು ಸಹ ಬರ್ಲಿ. ದಿ ಲಾಸ್ಟ್ ಆಫ್ ಅಸ್ 2013ರಲ್ಲಿ ಪಿಎಸ್ 3ಗೆ, 2014ರಲ್ಲಿ ರಿಮಾಸ್ಟರ್ ಆಗಿ ಪಿಎಸ್ 4ಗೆ, 2022ರಲ್ಲಿ ರಿಮೇಕ್ ಆಗಿ ಪಿಎಸ್ 5ಗೆ. ಒಂಬತ್ತು ವರ್ಷದಲ್ಲಿ ಮೂರು ಸಲ ಅದೇ ಕಥೆ, ಮೂರನೇ ಸಲ 4,999 ರೂಪಾಯಿ. ಪಿಎಸ್ 4ರದ್ದು ಚಂದವೇ ಇತ್ತು, ಬೂಷ್ಟೂ ಹಿಡಿದಿರ್ಲಿಲ್ಲ.

ಮತ್ತೆ ನಂಗೆ ಹೆಚ್ಚು ಬೇಜಾರಾಗುದು ಮಾಡಿದವ್ರ ಬಗ್ಗೆ. ಡೆಡ್ ಸ್ಪೇಸ್ 2008ರಲ್ಲಿ ಮಾಡಿದ ತಂಡ ಮತ್ತೆ ವಿಸರಲ್ ಅಂತ ಆಯ್ತು, 2017ರಲ್ಲಿ ಅದರ ಮಾಲಿಕ ಕಂಪೆನಿ ಇಎ ಅದನ್ನು ಮುಚ್ಚಿತು. 2023ರಲ್ಲಿ ಅದೇ ಇಎ ಡೆಡ್ ಸ್ಪೇಸ್ ರಿಮೇಕ್ ಮಾರಿತು, ಮಾಡಿದ್ದು ಮೋಟಿವ್ ಅನ್ನುವ ಬೇರೆ ಸ್ಟುಡಿಯೋ. ಕೆಲಸ ಒಳ್ಳೇದಿತ್ತು, ಅವ್ರ ಶ್ರಮಕ್ಕೆ ನಾನು ಕೈ ಮುಗೀತೇನೆ. ಆದ್ರೆ ಮನೆ ಕಟ್ಟಿದವ್ರನ್ನು ಹೊರಗೆ ಹಾಕಿ ಮನೆಯ ನೆನಪನ್ನು ಮಾರಿದ ಹಾಗೆ ಆಗ್ಲಿಲ್ವಾ ಅದು? ಅದೇ 2023ರ ಜನವರಿಯಲ್ಲಿ ಹೈ-ಫೈ ರಶ್ ಬಂತು, ಟ್ಯಾಂಗೋ ಗೇಮ್‌ವರ್ಕ್ಸಿನದ್ದು, ಹಾಡಿನ ತಾಳಕ್ಕೆ ಸರಿಯಾಗಿ ಹೊಡೆದಾಡುದು, ಚಂಡೆ ಮದ್ದಳೆ ಕೇಳಿ ಬೆಳೆದವ್ರಿಗೆ ಆ ಆಟ ಕೈಗೆ ತಕ್ಷಣ ಕೂತ್ಕೊಳ್ತದೆ, ಪೂರ್ತಿ ಹೊಸ ಯೋಚನೆ, ಜನ ಮೆಚ್ಚಿದ್ರು. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಆ ಸ್ಟುಡಿಯೋ ಮುಚ್ಚುದಾಗಿ ಹೇಳಿತು, ಕೊರಿಯಾದ ಕ್ರಾಫ್ಟನ್ ತಕೊಂಡದ್ದಕ್ಕೆ ಹೆಸರಾದ್ರೂ ಉಳಿಯಿತು. ಹೊಸದಕ್ಕೆ ಈ ಗತಿ ಆದ್ರೆ ನಾಳೆ ರಿಮೇಕ್ ಮಾಡ್ಲಿಕ್ಕೆ ಹಳೇದು ಅಂತ ಎಂತ ಉಳೀತದೆ ಅಂತ ಅಣ್ಣ ಹೇಳ್ಲಿ.

ನಮ್ಮ ದೇಶದ ಕಥೆ ಅಣ್ಣ ಎತ್ತಲೇ ಇಲ್ಲ. ಪ್ರಿನ್ಸ್ ಆಫ್ ಪರ್ಷಿಯಾ ಸ್ಯಾಂಡ್ಸ್ ಆಫ್ ಟೈಮ್, 2003ರ ಗೇಮು, ಅದರ ರಿಮೇಕ್ ಯೂಬಿಸಾಫ್ಟಿನ ಪುಣೆ ಮತ್ತೆ ಮುಂಬೈ ಸ್ಟುಡಿಯೋಗೆ ಕೊಟ್ಟಿದ್ರು. 2020ರ ಸೆಪ್ಟೆಂಬರಲ್ಲಿ ಟ್ರೇಲರ್ ಬಂದ ದಿನ ನಾನೂ ಹೆಮ್ಮೆಯಿಂದ ನೋಡಿದೆ. ಲೋಕ ಇಡೀ ನಗಾಡಿತು, ಮುಖ ಸರಿ ಇಲ್ಲ, ಬೆಳಕು ಸರಿ ಇಲ್ಲ ಅಂತ. 2021ರ ಜನವರಿಗೆ ಬರ್ಬೇಕಾದ್ದು ಬರ್ಲಿಲ್ಲ, 2022ರಲ್ಲಿ ಕೆಲಸವೇ ಮಾಂಟ್ರಿಯಲ್ಲಿಗೆ ಹೋಯ್ತು. ಬೇರೆಯವ್ರ ನೆನಪನ್ನು ಅವ್ರ ಮನಸ್ಸಲ್ಲಿ ಇದ್ದ ಹಾಗೇ ಕಟ್ಟಿ ಕೊಡಿ ಅಂದ್ರೆ ಯಾವ ಹೊಸ ತಂಡಕ್ಕೂ ಕಷ್ಟವೇ, ಎದುರು ನಿಂತದ್ದು ಗೇಮಲ್ಲ, 17 ವರ್ಷ ಹೊಳಪು ಏರ್ತಾ ಬಂದ ನೆನಪು. ಅದೇ 2020ರಲ್ಲಿ ಪುಣೆಯ ಇನ್ನೊಂದು ಚಿಕ್ಕ ತಂಡ, ನಾಡಿಂಗ್ ಹೆಡ್ಸ್, ರಾಜಿ ಅಂತ ಒಂದು ಗೇಮು ಹೊರಗೆ ತಂದಿತು. ಜನರಿಂದ ದುಡ್ಡು ಸೇರಿಸುವ ಕಿಕ್‌ಸ್ಟಾರ್ಟರ್ ಸೈಟಲ್ಲಿ ದುಡ್ಡು ಕೇಳಿ ಸಿಗದೆ, ಆದ್ರೂ ಬಿಡದೆ ಮುಗ್ಸಿದ್ದು. ತಮ್ಮನನ್ನು ಹುಡುಕ್ತಾ ಹೋಗುವ ಒಬ್ಬಳು ಹುಡುಗಿ, ನಡುನಡುವೆ ತೊಗಲುಗೊಂಬೆಯ ಹಾಗೆ ಕಥೆ ಹೇಳುದು. ಚಿಕ್ಕ ಚಿಕ್ಕ ದೋಷ ಉಂಟು, ಆದ್ರೆ ಅದನ್ನು ಯಾವ ಹಳೇದ್ರ ಪಕ್ಕ ಇಟ್ಟೂ ಅಳೆಯುವ ಹಾಗಿಲ್ಲ, ಅದು ಅದೇ. ನಮ್ಮ ಉಡುಪಿಯಲ್ಲೇ ಕೂತು 99ಗೇಮ್ಸ್‌ನವ್ರು ಸ್ಟಾರ್ ಶೆಫ್ ಮಾಡಿದ್ರು, ಅಡುಗೆಯ ಮೊಬೈಲ್ ಗೇಮು, ಹೋಟೆಲಿಗೇ ಹೆಸರಾದ ಊರಿಂದ. ನಂಗೆ ಬೇಕಾದ್ದು ಇಂಥದ್ದು. ಕಂಬಳದ ಗದ್ದೆ ಹಿಡಿದು ಒಂದು ಗೇಮು, ಮಲ್ಪೆಯಿಂದ ಬೋಟು ಬಿಟ್ಟು ಒಂದು ಗೇಮು, ಮಾಡ್ಲಿಕ್ಕೆ ಕೈ ಬರುವವ್ರು ಇಲ್ಲಿ ಇದ್ದೇವೆ, ಆದ್ರೆ ನಮ್ಮ ಕಡೆ ಬರುವ ಕೆಲಸ ಬೇರೆಯವ್ರ ಹಳೇ ಗೋಡೆಗೆ ಸುಣ್ಣ ಬಳಿಯುದು.

ಬೂಷ್ಟು ಹಿಡಿದ ಸಿಡಿಗೆ ಉತ್ತರ ನನ್ನ ಹತ್ರ ಉಂಟು. 100ಕ್ಕೆ 87ರ ಲೆಕ್ಕ ನಿಜವೇ, ಆದ್ರೆ ಆ ಸಿಗದ ಗೇಮುಗಳಲ್ಲಿ ರಿಮೇಕ್ ಆಗುದು ಎಷ್ಟು? ಮೊದ್ಲೇ ಹೆಸರು ಮಾಡಿದ ನಾಲ್ಕು ಸೀರೀಸ್ ಮಾತ್ರ ಪುನಃ ಪುನಃ, ಉಳಿದದ್ದು ಹಾಗೇ ಸಾಯ್ತದೆ. ಉಳಿಸ್ಬೇಕಾದ್ರೆ ಹಳೇದನ್ನೇ ಇವತ್ತಿನ ವಿಂಡೋಸಲ್ಲಿ ಓಡುವ ಹಾಗೆ ಮಾಡಿ ಕಡಿಮೆ ಬೆಲೆಗೆ ಇಡ್ಬೇಕು. 2024ರಲ್ಲಿ ಜಿಒಜಿ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯವ್ರು ಹಾಗೇ ಮಾಡಿದ್ರು, ರೆಸಿಡೆಂಟ್ ಈವಿಲಿನ ಮೊದಲ ಮೂರನ್ನೂ ಹಳೇ ರೂಪದಲ್ಲೇ ತಂದ್ರು, ಕಥೆ ಮುಟ್ಲಿಲ್ಲ, ಚಿತ್ರ ಮುಟ್ಲಿಲ್ಲ, ನನ್ನ ಆಫೀಸಿನ ಲ್ಯಾಪ್‌ಟಾಪಲ್ಲಿ ಸಹ ಓಡ್ತದೆ.

ಅದನ್ನು ನಾನು ತಕೊಂಡಿದ್ದೆ. ಕಳೆದ ದಸರಾ ರಜೆಗೆ ಅಕ್ಕನ ಮಗ, ಅಣ್ಣ ಹೇಳಿದ ಅದೇ ಹುಡುಗ, ಎಕ್ಸ್‌ಪ್ರೆಸ್ ಬಸ್ಸಲ್ಲಿ ಉಡುಪಿಗೆ ನಮ್ಮ ಮನೆಗೆ ಬಂದ. ಸಂಜೆ ಮಳೆ ಬಂತು, ಹೊರಗೆ ಹೋಗುವ ಹಾಗಿಲ್ಲ. ನಾನು ಎರಡನೇದು ಹಾಕಿ ಪಕ್ಕದಲ್ಲೇ ಕೂತೆ. ಒಂದೇ ಒಂದು ಹೇಳಿ ಕೊಟ್ಟೆ, ಮೇಲಿನ ಬಾಣ ಒತ್ತಿದ್ರೆ ಸ್ಕ್ರೀನಿನ ಮೇಲಕ್ಕೆ ಹೋಗುದಲ್ಲ, ಲಿಯಾನ್ ಎತ್ತ ನೋಡ್ತಾನೆ ಅತ್ತ ಹೋಗುದು, ನೀನು ಅವನೊಳಗೆ ಕೂತು ಡ್ರೈವಿಂಗ್ ಮಾಡ್ತಿ ಅಂತ ಎಣಿಸು. ಮೊದಲ ಅರ್ಧ ಗಂಟೆ ಬೈತಾ ಇದ್ದ, ಗೋಡೆಗೆ ಹೊಡ್ಕೊಂಡ, ಎರಡು ಸಲ ಸತ್ತ. ಮತ್ತೆ ಸುಮ್ಮನಾದ. ಬಾಗಿಲು ನಿಧಾನಕ್ಕೆ ತೆರೆಯುವಾಗ ಕಪ್ಪು ಸ್ಕ್ರೀನಲ್ಲಿ ಬರೀ ಕಿರ್ ಅನ್ನುವ ಶಬ್ದ ಬರ್ತದಲ್ಲ, ಅಲ್ಲಿ ಉಸಿರು ಹಿಡೀಲಿಕ್ಕೆ ಶುರು ಮಾಡಿದ. ರಾತ್ರಿ ಊಟಕ್ಕೆ ಕರೆದದ್ದು ಕೇಳ್ಲಿಲ್ಲ. ಹನ್ನೊಂದು ಗಂಟೆ ಹೊತ್ತಿಗೆ ನಾನು ಮಲಗ್ಲಿಕ್ಕೆ ಹೋಗ್ಬೇಕು ಅನ್ನುವಾಗ ಆ ಕೋಣೆಯ ಕಪಾಟು ತೆಗೆದು ನಿಂತಿದ್ದ.

"ಚಿಕ್ಕಿ, ಇದನ್ನು ಕ್ಲೇರ್‌ಗೆ ಬಿಡುದಾ?"

ನಾನು ಏನೂ ಹೇಳ್ಲಿಲ್ಲ. ಸ್ವಲ್ಪ ಹೊತ್ತು ನೋಡಿ ಬ್ಯಾಗು ತಕೊಂಡ, ಗನ್ನು ಬಿಟ್ಟ.